ಯಂತ್ರದ ಜೊತೆ ಉಪ್ಪಿನ ಚೀಲಕ್ಕೂ ಲೆಕ್ಕ ಇಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಸನ್ಮಾನ್ಯರೆ,

ಸೇವಾ ಕ್ಲಬ್ಬುಗಳು ಊರೂರಲ್ಲಿ ಹಣ ಕೂಡಿಸಿ ಸರ್ಕಾರಿ ಆಸ್ಪತ್ರೆಗಳಿಗೆ ಡಯಾಲಿಸಿಸ್ ಯಂತ್ರ (ಕಿಡ್ನಿ ಸೋತವರ ರಕ್ತ ಶುದ್ಧಿ ಮಾಡುವಂಥದು) ಕೊಡುತ್ತಾ ಬಂದಿವೆ. ಈ ಪತ್ರ ಬರೆಯುತ್ತಿರುವವರು ಆ ಹಣ ಕೂಡಿಸುವ ಸದಸ್ಯರು ಮತ್ತು ಆ ಯಂತ್ರಗಳ ಪಕ್ಕದಲ್ಲಿ ನಿಂತು ಕೆಲಸ ಮಾಡುವ ತಂತ್ರಜ್ಞರು. ತಮ್ಮಲ್ಲಿ ನಮ್ಮ ಮುಖ್ಯ ಕೋರಿಕೆ ಇದು: ದಾನದ ಯಂತ್ರವನ್ನು ಆಸ್ಪತ್ರೆ ಒಪ್ಪಿಕೊಳ್ಳುವ ಮೊದಲು ನೀರು, ಸಾಮಗ್ರಿ, ತಂತ್ರಜ್ಞ, ರಿಪೇರಿ ಈ ನಾಲ್ಕಕ್ಕೂ ಯಾರು ಹೊಣೆ ಎಂದು ಬರೆದುಕೊಳ್ಳುವ ನಿಯಮ ಬರಲಿ. ಯಂತ್ರ ಬೇಡದ ಕಡೆ ಆ ನಾಲ್ಕಕ್ಕೇ ದೇಣಿಗೆ ಕೊಡಲು ದಾರಿಯಾಗಲಿ.

ಮೊದಲು ಲೆಕ್ಕ ನೋಡಿ. ಒಬ್ಬ ರೋಗಿಗೆ ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆ ಡಯಾಲಿಸಿಸ್ ಬೇಕು. ಒಂದು ಯಂತ್ರ ದಿನಕ್ಕೆ ಎರಡು ಪಾಳಿಯಂತೆ ವಾರದಲ್ಲಿ 6 ದಿನ ನಡೆದರೆ 12 ಪಾಳಿ. ಅಂದರೆ ಒಂದು ಯಂತ್ರಕ್ಕೆ 4 ರೋಗಿಗಳು. ಸರದಿ ಉದ್ದ ಇರುವ ಕಡೆ ವಾರಕ್ಕೆ ಎರಡೇ ಸಲ ಮಾಡಿ 6 ಜನರನ್ನು ಸುಧಾರಿಸುತ್ತಾರೆ. ಆದರೆ ನಡುವಿನ ದಿನಗಳಲ್ಲಿ ಕಾಲು ಊದಿಕೊಂಡು, ಉಸಿರು ಕಟ್ಟಿ, ಪೊಟ್ಯಾಸಿಯಂ ಏರಿ ತುರ್ತು ವಿಭಾಗಕ್ಕೆ ಬರುವವರೂ ಅವರೇ.

4 ರೋಗಿಗಳಿಗೆ ವರ್ಷಕ್ಕೆ 624 ಪಾಳಿ. ಪ್ರತಿ ಪಾಳಿಗೂ ಡಯಲೈಸರ್ (ರಕ್ತ ಸೋಸುವ ಫಿಲ್ಟರು), ರಕ್ತದ ಟ್ಯೂಬಿಂಗ್, ಕೈಯ ರಕ್ತನಾಳಕ್ಕೆ ಚುಚ್ಚುವ ಎರಡು ಫಿಸ್ಟುಲಾ ಸೂಜಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ಸಲೈನ್, ಆಸಿಡ್ ಮತ್ತು ಬೈಕಾರ್ಬೊನೇಟ್ ದ್ರಾವಣ, ಕೈಗವಸು, ಸೋಂಕುನಾಶಕ ಬೇಕು. ಎಲ್ಲ ಸೇರಿ ಒಂದು ಪಾಳಿಗೆ 1,000 ರೂಪಾಯಿ ಎಂದೇ ಹಿಡಿಯೋಣ. ವರ್ಷಕ್ಕೆ 6.24 ಲಕ್ಷ ಆಯಿತು. ಯಂತ್ರದ ಬೆಲೆಯೂ ಸುಮಾರು ಆರೇಳು ಲಕ್ಷ. ದಾನಿ ಒಮ್ಮೆ ಕೊಟ್ಟಷ್ಟನ್ನು ಇನ್ನೊಬ್ಬರು ಪ್ರತಿ ವರ್ಷ ಕೊಡುತ್ತಲೇ ಇರಬೇಕು. ಆ ಇನ್ನೊಬ್ಬರು ಯಾರು ಎಂಬುದು ಹಸ್ತಾಂತರದ ಕಾಗದದಲ್ಲಿ ಇರುವುದಿಲ್ಲ. ಯಂತ್ರ ಮೂಲೆ ಸೇರುವುದು ಇಲ್ಲಿಂದ ಶುರು.

ಇನ್ನು ನೀರು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇವೆ, ಏಕೆಂದರೆ ದಾನಿಗಳು ಅತಿ ಕಡಿಮೆ ಕೇಳುವುದು ಮತ್ತು ರೋಗಿಗೆ ಅತಿ ಹೆಚ್ಚು ಅಪಾಯ ತರುವುದು ಇದೇ.

ಡಯಲೈಸರ್ ಒಳಗೆ ನಿಮಿಷಕ್ಕೆ 500 ಮಿಲಿಲೀಟರ್ ದ್ರಾವಣ ಹರಿಯುತ್ತದೆ, ಅದರಲ್ಲಿ ಬಹುಪಾಲು ನೀರೇ. 4 ಗಂಟೆಗೆ 120 ಲೀಟರ್, ವಾರಕ್ಕೆ 360 ಲೀಟರ್. ಕುಡಿಯುವ ನೀರಾದರೆ ಒಬ್ಬರಿಗೆ ವಾರಕ್ಕೆ ಹದಿನೈದು ಲೀಟರ್, ಅದೂ ಕರುಳು ದಾಟಿ ಹೋಗಬೇಕು. ಇಲ್ಲಿ ನೀರಿಗೂ ರಕ್ತಕ್ಕೂ ನಡುವೆ ಇರುವುದು ಕೂದಲಿಗಿಂತ ತೆಳುವಾದ ಪೊರೆ ಮಾತ್ರ. ಹಾಗಾಗಿ ಕುಡಿಯಲು ಒಳ್ಳೆಯ ನೀರು ಡಯಾಲಿಸಿಸ್‌ಗೆ ಒಳ್ಳೆಯ ನೀರಲ್ಲ. ಡಯಾಲಿಸಿಸ್ ನೀರಿನಲ್ಲಿ ಒಟ್ಟು ಕ್ಲೋರಿನ್ ಲೀಟರಿಗೆ 0.1 ಮಿಲಿಗ್ರಾಂ, ಫ್ಲೋರೈಡ್ 0.2, ಅಲ್ಯೂಮಿನಿಯಂ 0.01 ಮಿಲಿಗ್ರಾಂ ದಾಟಬಾರದು. ಬ್ಯಾಕ್ಟೀರಿಯಾ ಮಿಲಿಲೀಟರಿಗೆ 100ಕ್ಕಿಂತ ಕಡಿಮೆ ಇರಬೇಕು, 50 ಮುಟ್ಟಿದಾಗಲೇ ಲೈನ್ ಶುದ್ಧಿಗೆ ಕೈ ಹಾಕಬೇಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದು ತಮಗೆ ಗೊತ್ತೇ ಇದೆ. ಅಂಥ ಕಡೆ ಆರ್‌ಒ ಘಟಕದ (ಸೂಕ್ಷ್ಮ ಪೊರೆಯ ಮೂಲಕ ನೀರು ಶುದ್ಧಿ ಮಾಡುವಂಥದು) ವಿನ್ಯಾಸ ಆಯಾ ಊರಿನ ನೀರಿನ ವರದಿ ನೋಡಿಯೇ ಆಗಬೇಕು. ಬೇರೆ ತಾಲ್ಲೂಕಿಗೆ ಮಾಡಿದ ಕೊಟೇಶನ್ ತಂದು ಅಂಟಿಸಿದರೆ ಅದರ ಪೊರೆ, ಅಂದರೆ ಮೆಂಬ್ರೇನ್, ಬಾಳಿಕೆ ಬರುವುದಿಲ್ಲ.

ಘಟಕದ ಕೋಣೆಯಲ್ಲಿ ಸಾಲಾಗಿ ನಿಂತಿರುವುದು ಇಷ್ಟು: ಕಚ್ಚಾ ನೀರಿನ ಟ್ಯಾಂಕು, ಮರಳಿನ ಫಿಲ್ಟರು, ಗಡಸು ತೆಗೆಯುವ ಸಾಫ್ಟ್‌ನರ್, ಇದ್ದಿಲಿನ ಟ್ಯಾಂಕು, 5 ಮೈಕ್ರಾನ್ ಕಾರ್ಟ್ರಿಜ್, ಆಮೇಲೆ ಮೆಂಬ್ರೇನ್, ಕೊನೆಗೆ ಯಂತ್ರಗಳಿಗೆ ಹೋಗಿ ಮರಳುವ ಪೈಪಿನ ಸುತ್ತು. ಸಾಫ್ಟ್‌ನರ್ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮು, ಅದರಲ್ಲಿ ಉಪ್ಪುನೀರು. ಒಳಗಿನ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ ಹಿಡಿದು ಹಿಡಿದು ತುಂಬಿಕೊಂಡಾಗ ಈ ಉಪ್ಪುನೀರು ಹಾಯಿಸಿ ತೊಳೆದರೆ ಮತ್ತೆ ಕೆಲಸ ಮಾಡುತ್ತವೆ. ಗಡಸು ಹೆಚ್ಚಿರುವ ಊರಿನಲ್ಲಿ ಇದು ದಿನ ಬಿಟ್ಟು ದಿನ ಆಗಬೇಕು. ಅಯೋಡಿನ್ ಬೆರೆಸದ ಹರಳುಪ್ಪಿನ ಒಂದು ಚೀಲ ಕೆಲವೇ ನೂರು ರೂಪಾಯಿ. ಆದರೆ ಅದನ್ನು ಕೊಳ್ಳಲು ಯಾವ ಲೆಕ್ಕ ಶೀರ್ಷಿಕೆಯಡಿ ಬಿಲ್ ಹಾಕಬೇಕೆಂದು ಯಾರೂ ಹೇಳಿರುವುದಿಲ್ಲ. ಉಪ್ಪು ಮುಗಿಯುತ್ತದೆ. ಗಡಸು ನೀರು ಮುಂದೆ ಸಾಗಿ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟುತ್ತದೆ, ಉತ್ಪಾದನೆ ಇಳಿಯುತ್ತದೆ. ಮೆಂಬ್ರೇನ್ ಸೋತಾಗ ಕ್ಯಾಲ್ಸಿಯಂ ರೋಗಿಯ ರಕ್ತಕ್ಕೇ ಹೋಗಿ ವಾಕರಿಕೆ, ವಾಂತಿ, ತಲೆನೋವು, ಏರಿದ ರಕ್ತದೊತ್ತಡ ಕಾಣಿಸಿಕೊಳ್ಳುತ್ತವೆ. ಉಪ್ಪಿನ ಚೀಲವೊಂದು ಇಲ್ಲದೆ ಅದರ ನೂರಾರು ಪಟ್ಟು ಬೆಲೆಯ ಘಟಕ ಕೆಡುವುದು ಹೀಗೆ.

ಇದ್ದಿಲಿನ ಟ್ಯಾಂಕಿನದು ಇನ್ನೂ ಗಂಭೀರ ವಿಷಯ. ಕ್ಲೋರಿನ್, ಕ್ಲೋರಮೈನ್ ತಡೆಯುವುದು ಇದೇ. ಇದ್ದಿಲು ಸವೆದರೆ ಅವು ಮೆಂಬ್ರೇನ್ ದಾಟಿ ರಕ್ತಕ್ಕೆ ಬಂದು ಕೆಂಪು ಕಣಗಳನ್ನು ಒಡೆಯುತ್ತವೆ. ಬೆಳಿಗ್ಗೆ ಘಟಕ ಚಾಲೂ ಮಾಡಿ 15 ನಿಮಿಷ ನೀರು ಹರಿಯಲು ಬಿಟ್ಟು, ಇದ್ದಿಲಿನ ಟ್ಯಾಂಕಿನ ಆಚೆಯ ನಲ್ಲಿಯಿಂದ ನೀರು ಹಿಡಿದು ಪರೀಕ್ಷಾ ಪಟ್ಟಿ ಅದ್ದಬೇಕು. ಮಿತಿ ದಾಟಿದ ಬಣ್ಣ ಬಂದರೆ ಆ ದಿನ ಒಬ್ಬ ರೋಗಿಯನ್ನೂ ಯಂತ್ರಕ್ಕೆ ಹಾಕುವಂತಿಲ್ಲ. ಪುರಸಭೆಯವರು ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹೆಚ್ಚು ಹಾಕಿದ ದಿನ ಈ ಪರೀಕ್ಷೆಯೇ ಜೀವ ಉಳಿಸುವುದು. ಆದ್ದರಿಂದ ನೀರು ಬಿಡುವವರು ಕ್ಲೋರಿನ್ ಪ್ರಮಾಣ ಬದಲಿಸುವ ಮೊದಲು ಡಯಾಲಿಸಿಸ್ ಕೇಂದ್ರಕ್ಕೆ ಫೋನ್ ಮಾಡಬೇಕೆಂಬ ಆದೇಶ ಜಿಲ್ಲಾಡಳಿತದಿಂದ ಹೊರಡಲಿ. ಇದಕ್ಕೆ ಖರ್ಚೇ ಇಲ್ಲ.

ಪ್ರಮಾಣವನ್ನೂ ಹೇಳಿಬಿಡುತ್ತೇವೆ. 5 ಯಂತ್ರ, ಎರಡು ಪಾಳಿ ಎಂದರೆ ದಿನಕ್ಕೆ 1,200 ಲೀಟರ್ ಶುದ್ಧ ನೀರು, ಯಂತ್ರ ತೊಳೆಯುವುದು ಸೇರಿ 1,500 ಮೇಲೆ. ಆರ್‌ಒದಲ್ಲಿ ಅರ್ಧ ನೀರು ಹೊರಗೆ ಹೋಗುತ್ತದೆ ಎಂದರೆ ಕಚ್ಚಾ ನೀರು 3,000 ಲೀಟರ್. ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಊರಿಗೆ ಇದು ಸಣ್ಣ ಮಾತಲ್ಲ. ಹೊರಗೆ ಹೋಗುವ ನೀರನ್ನು ಶೌಚಾಲಯಕ್ಕೆ, ನೆಲ ತೊಳೆಯಲು ತಿರುಗಿಸುವ ಪೈಪನ್ನು ಮೊದಲ ದಿನವೇ ಎಳೆದರೆ ಆಯಿತು, ಆಮೇಲೆ ಗೋಡೆ ಒಡೆಯಲು ಯಾರೂ ಬರುವುದಿಲ್ಲ.

ಕರೆಂಟಿನ ಮಾತು ಚಿಕ್ಕದು. ಯಂತ್ರದೊಳಗಿನ ಬ್ಯಾಟರಿ ಇರುವುದು ರಕ್ತವನ್ನು ರೋಗಿಗೆ ವಾಪಸ್ ಕೊಡುವಷ್ಟು ಹೊತ್ತಿಗೆ ಮಾತ್ರ. ಆರ್‌ಒ ಪಂಪೂ ಜನರೇಟರ್ ಲೈನಿನಲ್ಲೇ ಇರಬೇಕು. ಯಂತ್ರಕ್ಕೆ ಯುಪಿಎಸ್ ಕೊಟ್ಟು ಪಂಪನ್ನು ಬಿಟ್ಟ ಕಡೆ ಕರೆಂಟ್ ಹೋದ ಕೂಡಲೇ ನೀರಿಲ್ಲದ ಅಲಾರಂ ಕೂಗುತ್ತದೆ.

ಸಾಮಗ್ರಿಯಲ್ಲಿ ಆಗುವ ತಪ್ಪೊಂದನ್ನು ವಿಶೇಷವಾಗಿ ಹೇಳಬೇಕು. ಒಂದು ಕ್ಲಬ್ ಒಂದು ಕಂಪನಿಯ ಯಂತ್ರ ಕೊಡುತ್ತದೆ, ಮರುವರ್ಷ ಇನ್ನೊಬ್ಬರು ಬೇರೆ ಕಂಪನಿಯದು. ಆಸಿಡ್ ದ್ರಾವಣ 35 ಪಟ್ಟು ತೆಳುವಾಗುವಂಥದು ಒಂದು, 45 ಪಟ್ಟಿನದು ಇನ್ನೊಂದು. ಯಂತ್ರದ ಸೆಟ್ಟಿಂಗಿಗೂ ಆಸಿಡ್ ಕ್ಯಾನಿಗೂ ಹೊಂದದಿದ್ದರೆ ದ್ರಾವಣದ ಲವಣ ಏರುಪೇರಾಗುತ್ತದೆ. ದ್ರಾವಣದ ಲವಣ ಅಳೆಯುವ ವಾಹಕತೆಯ ಅಲಾರಂ ಇದನ್ನು ಹಿಡಿಯಬೇಕು ನಿಜ, ಆದರೆ ಅಲಾರಂ ನಂಬಿ ಕ್ಯಾನ್ ಬೆರೆಸುವ ಸ್ಥಿತಿ ಬರಲೇಬಾರದು. ಬಿಡಿಭಾಗವೂ ಹಂಚಿಕೊಳ್ಳಲು ಬರುವುದಿಲ್ಲ. ಒಂದು ಕೇಂದ್ರಕ್ಕೆ ಒಂದೇ ಮಾದರಿಯ ಯಂತ್ರ ಎಂದು ಇಲಾಖೆ ಗೊತ್ತುಮಾಡಿದರೆ ನಾವು ಅದನ್ನೇ ಕೊಳ್ಳುತ್ತೇವೆ. ಹಾಗೆಯೇ ಹೆಪಟೈಟಿಸ್ ಬಿ ಇರುವವರಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಯಂತ್ರ ಬೇಕು. ನಾಲ್ಕು ಯಂತ್ರ ಇರುವ ಕೇಂದ್ರಕ್ಕೆ ಐದನೆಯದು ಬೇಕೋ, ಈ ಪ್ರತ್ಯೇಕ ಕೋಣೆಯ ಗೋಡೆ ಬೇಕೋ ಎಂದು ಕೇಳಿದರೆ ಹಲವು ಕಡೆ ಉತ್ತರ ಗೋಡೆಯೇ.

ಒಂದೇ ಸಲ ಬಳಸಿ ಎಸೆಯುವ ಡಯಲೈಸರ್ ಕಡೆಗೆ ಸರ್ಕಾರ ಹೊರಳಿದ್ದು ಒಳ್ಳೆಯ ಹೆಜ್ಜೆ. ತೊಳೆದು ಮತ್ತೆ ಬಳಸುವಾಗ ಹೆಸರು ಅದಲುಬದಲಾಗುವ, ಸೋಂಕು ದಾಟುವ ಭಯ ಇದರಿಂದ ತಪ್ಪುತ್ತದೆ. ಆದರೆ ಸರಬರಾಜು ಒಂದು ವಾರ ನಿಂತರೆ ಹಳೆಯ ಅಭ್ಯಾಸ ಸದ್ದಿಲ್ಲದೆ ವಾಪಸ್ ಬರುತ್ತದೆ. ಪ್ರತಿ ಕೇಂದ್ರದಲ್ಲೂ ಒಂದು ತಿಂಗಳ ಹೆಚ್ಚುವರಿ ದಾಸ್ತಾನು ಇರಲೇಬೇಕು. ಆ ಒಂದು ತಿಂಗಳ ದಾಸ್ತಾನನ್ನು ಕೊಡಲು ಕ್ಲಬ್ಬುಗಳು ತಯಾರಿವೆ, ತೆಗೆದುಕೊಳ್ಳಲು ಆಸ್ಪತ್ರೆಗೆ ಅನುಮತಿ ಬೇಕು.

ತಂತ್ರಜ್ಞರ ವಿಷಯ. 3 ಯಂತ್ರಕ್ಕೆ ಪಾಳಿಗೊಬ್ಬ ತರಬೇತಾದವರು ಇರಬೇಕು. ಪ್ಯಾರಾ ಮೆಡಿಕಲ್ ಬೋರ್ಡಿನ ಡಿಪ್ಲೊಮಾ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿಎಸ್‌ಸಿ ಓದಿದ ಹುಡುಗ ಹುಡುಗಿಯರು ರಾಜ್ಯದಲ್ಲಿದ್ದಾರೆ. ಹೊರಗುತ್ತಿಗೆಯ ಸಂಬಳ ತಿಂಗಳುಗಟ್ಟಲೆ ತಡವಾದಾಗ ಅವರು ಮುಷ್ಕರಕ್ಕೆ ಇಳಿದ ದಿನಗಳನ್ನೂ ರಾಜ್ಯ ಕಂಡಿದೆ. ಡಯಾಲಿಸಿಸ್ ತಪ್ಪಿದರೆ ರೋಗಿಯ ಜೀವಕ್ಕೇ ಅಪಾಯ. ಏಜೆನ್ಸಿಗೆ ಬಿಲ್ ಪಾವತಿಸುವ ಮೊದಲು ಹಿಂದಿನ ತಿಂಗಳ ಸಂಬಳ, ಪಿಎಫ್, ಇಎಸ್‌ಐ ಕಟ್ಟಿದ ರಸೀದಿ ನೋಡಿ ಎಂಬುದು ನಮ್ಮ ಬೇಡಿಕೆ.

ಈಗ ಹಣದ ಕಡೆ ಬರೋಣ. ರೋಟರಿ, ಲಯನ್ಸ್ ಎರಡರಲ್ಲೂ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಕ್ತಾಯ. ಅಧ್ಯಕ್ಷರು ಬದಲಾಗುತ್ತಾರೆ. ತಮ್ಮ ಅವಧಿಯಲ್ಲಿ ಕೆಲಸ ಕಣ್ಣಿಗೆ ಕಾಣಬೇಕೆಂಬ ಆಸೆ ಸಹಜವೇ. ಯಂತ್ರ ಕಾಣುತ್ತದೆ, ಐದು ವರ್ಷದ ನಿರ್ವಹಣಾ ಒಪ್ಪಂದ ಕಾಣುವುದಿಲ್ಲ. ಇದನ್ನು ತಿದ್ದಿಕೊಳ್ಳಬೇಕಾದವರು ನಾವೂ ಹೌದು. ಆದರೆ ಇಲಾಖೆ ಪ್ರತಿ ವರ್ಷ ಏಪ್ರಿಲ್ ಮುಗಿಯುವುದರೊಳಗೆ ತಾಲ್ಲೂಕುವಾರು ಅಗತ್ಯದ ಪಟ್ಟಿ ಹೊರಡಿಸಿದರೆ ಹೊಸ ತಂಡ ಮೇ, ಜೂನ್‌ನಲ್ಲೇ ಅದನ್ನು ನೋಡಿ ವರ್ಷದ ಯೋಜನೆ ಮಾಡುತ್ತದೆ. ಆ ಪಟ್ಟಿಯಲ್ಲಿ ‘ಇದ್ದಿಲು ಬದಲಿಸಬೇಕು’, ‘ಮೆಂಬ್ರೇನ್ 2’, ‘ಯುಪಿಎಸ್ ಬ್ಯಾಟರಿ’ ಎಂಬಷ್ಟು ಬಿಡಿಸಿ ಬರೆದಿರಲಿ. ಇಪ್ಪತ್ತು ಸಾವಿರ ಕೂಡಿಸಬಲ್ಲ ಸಣ್ಣ ಊರಿನ ಕ್ಲಬ್ಬಿಗೂ ಆಗ ಒಂದು ಕೆಲಸ ಸಿಗುತ್ತದೆ.

ದೊಡ್ಡ ಮೊತ್ತಕ್ಕೆ ಬೇರೆ ದಾರಿಗಳಿವೆ. ರೋಟರಿಯ ಗ್ಲೋಬಲ್ ಗ್ರಾಂಟ್‌ಗೆ ಯೋಜನೆಯ ಗಾತ್ರ ಕನಿಷ್ಠ 30,000 ಡಾಲರ್, ಹೊರದೇಶದ ಕ್ಲಬ್ ಜೊತೆಗಿರಬೇಕು, ಅಗತ್ಯದ ಸಮೀಕ್ಷೆ ಮತ್ತು ಮುಂದೆ ನಡೆಸುವ ಬಗೆ ಎರಡನ್ನೂ ಬರೆದು ಕೊಡಬೇಕು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣಕ್ಕೆ ಟ್ರಸ್ಟಿನ ಸಿಎಸ್‌ಆರ್-1 ನೋಂದಣಿ ಬೇಕು. ಎರಡಕ್ಕೂ ಆಸ್ಪತ್ರೆಯಿಂದ ಒಂದು ಸಹಿ ಮಾಡಿದ ಪತ್ರ ಬೇಕಾಗುತ್ತದೆ, ಅರ್ಜಿ ನಿಲ್ಲುವುದು ಅಲ್ಲೇ. ಯಾರು ಸಹಿ ಮಾಡಬೇಕು, ಎಷ್ಟು ದಿನದಲ್ಲಿ, ಎಂದು ಗೊತ್ತಿರುವುದಿಲ್ಲ. ಆಡಳಿತ ವೈದ್ಯಾಧಿಕಾರಿಗೆ ಆ ಅಧಿಕಾರ ಕೊಟ್ಟು 15 ದಿನದ ಗಡುವು ಹಾಕಿ.

ಹೊರದೇಶದ ಕನ್ನಡಿಗರೂ ತಮ್ಮ ಊರಿನ ಆಸ್ಪತ್ರೆಗೆ ಕೊಡಲು ಮುಂದೆ ಬರುತ್ತಾರೆ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಭಾರತದ ಸಾಗರೋತ್ತರ ನಾಗರಿಕರೆಂಬ ಒಸಿಐ ಕಾರ್ಡ್ ಇದ್ದರೂ, ಕೊಡುವ ಹಣ ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಕ್ಲಬ್ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ. ಖಜಾಂಚಿಯ ಸ್ವಂತ ಖಾತೆಗೆ ಹಾಕಿಸಿಕೊಳ್ಳುವುದಂತೂ ಅಪರಾಧಕ್ಕೆ ದಾರಿ. ಇಲ್ಲಿನ ದಾನಿಗಳಿಗೂ ಒಂದು ಮಾತು: 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಇಲ್ಲ, ಪ್ಯಾನ್ ಅಥವಾ ಆಧಾರ್‌ನಂಥ ಗುರುತಿನ ಸಂಖ್ಯೆ ಕೊಡದಿದ್ದರೆ ಪ್ರಮಾಣಪತ್ರವೂ ಬರುವುದಿಲ್ಲ.

ದಾನದ ಯಂತ್ರ ಆಸ್ಪತ್ರೆಯ ದಾಸ್ತಾನು ಪುಸ್ತಕಕ್ಕೆ ಏರಬೇಕು. ಏರದಿದ್ದರೆ ವಾರಂಟಿ ಮುಗಿದ ದಿನ ಅದು ಯಾರದೂ ಅಲ್ಲ. ಸರ್ಕಾರದ ನಿರ್ವಹಣಾ ಗುತ್ತಿಗೆದಾರ ತನ್ನ ಪಟ್ಟಿಯಲ್ಲಿಲ್ಲ ಎನ್ನುತ್ತಾನೆ, ಕಂಪನಿ ಕ್ಲಬ್ಬಿಗೆ ಫೋನ್ ಮಾಡುತ್ತದೆ, ಕ್ಲಬ್ಬಿನಲ್ಲಿ ಆ ಹೊತ್ತಿಗೆ ಮೂರನೆಯ ಅಧ್ಯಕ್ಷರು. ಹಸ್ತಾಂತರದ ದಿನವೇ ಸೀರಿಯಲ್ ನಂಬರ್, ವಾರಂಟಿ ಮುಗಿಯುವ ದಿನಾಂಕ, ಆಮೇಲೆ ಯಾರು ಎಂಬ ಮೂರು ಸಾಲು ಬರೆದರೆ ಈ ಅಲೆದಾಟ ತಪ್ಪುತ್ತದೆ. ಉಪ್ಪು, ಪರೀಕ್ಷಾ ಪಟ್ಟಿ, ಕಾರ್ಟ್ರಿಜ್‌ನಂಥ ಸಣ್ಣ ಖರ್ಚಿಗೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಲೆಕ್ಕದಲ್ಲಿ ಪ್ರತ್ಯೇಕ ಶೀರ್ಷಿಕೆ ತೆರೆದು ತಿಂಗಳಿಗಿಷ್ಟು ಎಂದು ವೈದ್ಯಾಧಿಕಾರಿಯ ಕೈಗೆ ಕೊಡಿ. ಅದಕ್ಕೆ ಠೇವಣಿ ಇಡಲು ಕ್ಲಬ್ಬುಗಳನ್ನು ಕೇಳಿ, ಇಡುತ್ತವೆ.

ಕಿಡ್ನಿ ತಪಾಸಣೆ ಶಿಬಿರಗಳ ಬಗ್ಗೆಯೂ ತಮ್ಮ ಗಮನ ಬೇಕು. ಮಾರ್ಚ್ ತಿಂಗಳ ಎರಡನೇ ಗುರುವಾರ ವಿಶ್ವ ಕಿಡ್ನಿ ದಿನ, ಅಂದು ಶಿಬಿರ ಮಾಡುತ್ತೇವೆ. ಮೂತ್ರದಲ್ಲಿ ಪ್ರೋಟೀನ್ ಕಂಡಿತು, ರಕ್ತದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಶ್ಮಲ) ಹೆಚ್ಚಿತ್ತು ಎಂದು ಚೀಟಿ ಕೊಟ್ಟು ಕಳಿಸುತ್ತೇವೆ. ಆದರೆ ಒಂದು ಸಲದ ಫಲಿತಾಂಶದಿಂದ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನಲು ಬರುವುದಿಲ್ಲ, 3 ತಿಂಗಳು ಬಿಟ್ಟು ಮತ್ತೆ ನೋಡಬೇಕು. ಆ ಎರಡನೇ ಪರೀಕ್ಷೆಗೆ ಕರೆಯುವವರಿಲ್ಲ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ನೋಡುವ ಸಿಬ್ಬಂದಿಗೆ ನಮ್ಮ ಶಿಬಿರದ ಪಟ್ಟಿಯನ್ನು, ರೋಗಿಯ ಒಪ್ಪಿಗೆ ಪಡೆದು, ಒಪ್ಪಿಸುವ ವ್ಯವಸ್ಥೆ ಮಾಡಿಕೊಡಿ. ಪರೀಕ್ಷೆಯ ಖರ್ಚು ನಮ್ಮದಿರಲಿ.

ಕೊನೆಯದಾಗಿ ಫಿಸ್ಟುಲಾ. ಕೈಯ ರಕ್ತನಾಳ ಜೋಡಿಸುವ ಈ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ಆರರಿಂದ ಎಂಟು ವಾರ ಬಿಟ್ಟರೆ ಸೂಜಿ ಹಾಕಲು ಹದವಾಗುತ್ತದೆ. ಮೊದಲೇ ಮಾಡಿಸದವರು ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ನಳಿಕೆ, ಅಂದರೆ ಕೆಥೆಟರ್‌ನೊಂದಿಗೆ ಬಸ್ಸಿನಲ್ಲಿ ಓಡಾಡುತ್ತಾರೆ, ಚಳಿಜ್ವರ ಬಂದು ಮಲಗುತ್ತಾರೆ. ಜಿಲ್ಲಾಸ್ಪತ್ರೆಯಲ್ಲಿ ತಿಂಗಳಿಗೆ ಎರಡು ದಿನ ಫಿಸ್ಟುಲಾಗೆಂದೇ ಮೀಸಲಿಟ್ಟರೆ, ಬರುವ ಶಸ್ತ್ರವೈದ್ಯರ ಪ್ರಯಾಣದ ವೆಚ್ಚ, ರೋಗಿಗಳ ಬಸ್ ಚಾರ್ಜು ನಾವು ಹೊರುತ್ತೇವೆ.

ದಾನ ಸ್ವೀಕಾರದ ಒಂದು ಪುಟದ ನಮೂನೆಯನ್ನು ಸಿದ್ಧಮಾಡಿದ್ದೇವೆ. ನೀರಿನ ವರದಿಯ ದಿನಾಂಕ, ಘಟಕದ ಸಾಮರ್ಥ್ಯ, ಯಂತ್ರದ ಮಾದರಿ, ತಂತ್ರಜ್ಞರ ಸಂಖ್ಯೆ, ಒಂದು ವರ್ಷದ ಸಾಮಗ್ರಿಯ ಮೂಲ, ವಾರಂಟಿಯ ನಂತರದ ಹೊಣೆ ಇಷ್ಟೇ ಅದರಲ್ಲಿವೆ. ತಾವು ಸಮಯ ಕೊಟ್ಟರೆ ತಂದು ಒಪ್ಪಿಸುತ್ತೇವೆ. ಇಲಾಖೆಯ ತಜ್ಞರು ತಿದ್ದಲಿ, ಮುಂದಿನ ಜುಲೈ 1ಕ್ಕೆ ಮೊದಲು ಸುತ್ತೋಲೆಯಾಗಿ ಹೊರಬರಲಿ.

ಇಂತಿ ತಮ್ಮ ವಿಶ್ವಾಸಿಗಳು,
ಕಿಡ್ನಿ ಆರೈಕೆಗೆ ನಿಧಿ ಕೂಡಿಸುವ ಸೇವಾ ಕ್ಲಬ್ಬುಗಳ ಸದಸ್ಯರು ಮತ್ತು ಡಯಾಲಿಸಿಸ್ ತಂತ್ರಜ್ಞರು