ಫಲಿತಾಂಶದ ನಂತರವೂ ನನ್ನನ್ನು ಉಳಿಸಿಕೊಂಡವರಿಗೆ

ಈ ತಿಂಗಳ ಕೊನೆಗೆ ನಾನು ಅಧ್ಯಾಪನದಿಂದ ನಿವೃತ್ತಳಾಗುತ್ತಿದ್ದೇನೆ. ಅಂತರ್ಯುದ್ಧ ಮುಗಿಸಿದ ದೇಶಗಳು ನಡೆಸುವ ಮೊದಲ ಚುನಾವಣೆಗಳನ್ನೂ, ಅವು ಮುಗಿದ ಮೇಲೆ ಶಾಂತಿ ನಿಲ್ಲುತ್ತದೆಯೋ ಮುರಿಯುತ್ತದೆಯೋ ಎಂಬ ಪ್ರಶ್ನೆಯನ್ನೂ ಅಭ್ಯಾಸ ಮಾಡುವುದರಲ್ಲೇ ನನ್ನ ವೃತ್ತಿಜೀವನ ಕಳೆದಿದೆ. ಸಹೋದ್ಯೋಗಿಗಳು ಏರ್ಪಡಿಸಿದ್ದ ಬೀಳ್ಕೊಡುಗೆಯಲ್ಲಿ ಎರಡು ಮಾತು ಆಡಿದೆನಾದರೂ, ನಾನು ಯಾರಿಗೆ ಹೆಚ್ಚು ಋಣಿಯೋ ಅವರಲ್ಲಿ ಬಹಳಷ್ಟು ಜನ ಅಲ್ಲಿರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಅವರಲ್ಲಿ ಮತಗಟ್ಟೆಯ ಅಧಿಕಾರಿಗಳಿದ್ದಾರೆ, ದುಭಾಷಿಗಳಿದ್ದಾರೆ, ಒಂದು ಕಾಲಕ್ಕೆ ಬಂದೂಕು ಹಿಡಿದು ಆಮೇಲೆ ಪಕ್ಷದ ಏಜೆಂಟರಾಗಿ ಎಣಿಕೆಯ ಮೇಜಿನ ಮುಂದೆ ಕುಳಿತವರಿದ್ದಾರೆ, ಮನೆಯವರನ್ನು ಕಳೆದುಕೊಂಡೂ ನನ್ನಂಥ ಅಪರಿಚಿತಳಿಗೆ ಗಂಟೆಗಟ್ಟಲೆ ಸಮಯ ಕೊಟ್ಟವರಿದ್ದಾರೆ. ಅವರ ಸುರಕ್ಷತೆಯ ದೃಷ್ಟಿಯಿಂದ ನನ್ನ ಪುಸ್ತಕಗಳಲ್ಲಿ ಹಲವರ ಹೆಸರನ್ನು ಅಚ್ಚು ಹಾಕಿಸಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ. ಅವರಿಂದ ಏನು ಕಲಿತೆನೆಂಬುದನ್ನಾದರೂ ಬರೆದಿಡಬೇಕು.

ಮೊದಲ ಕೃತಜ್ಞತೆ ನನ್ನ ಸಂಶೋಧನಾ ಮಾರ್ಗದರ್ಶಕರಿಗೆ. ಅವರು ಈಗಿಲ್ಲ. ಮತದಾನದ ದಿನ ಎಲ್ಲ ಕಡೆಯೂ ಜನ ಇರುತ್ತಾರೆ, ಕ್ಯಾಮೆರಾ ಇರುತ್ತದೆ, ವಿದೇಶಿ ವೀಕ್ಷಕರಿರುತ್ತಾರೆ, ನೀನು ಫಲಿತಾಂಶ ಬಂದ ಮೂರನೆಯ ವಾರ ಅಲ್ಲಿರು, ಸೋತವನು ಏನು ಮಾಡುತ್ತಾನೆಂದು ನೋಡು ಎಂದು ಅವರು ಹೇಳಿದ್ದರು. ಆ ಮಾತಿನ ಹಿಂದೆ ಅಂಗೋಲಾ ಇತ್ತು. 1991ರ ಮೇ ತಿಂಗಳಲ್ಲಿ ಸರ್ಕಾರ ಮತ್ತು ಬಂಡುಕೋರರ ನಡುವಿನ ಬಿಸೆಸ್ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದು, 1992ರ ಸೆಪ್ಟೆಂಬರ್ 29 ಮತ್ತು 30ರಂದು ಅಂಗೋಲಾದ ಜನ ದೊಡ್ಡ ಸಂಖ್ಯೆಯಲ್ಲಿ ಬಂದು ಮತ ಹಾಕಿದರು. ಅಧ್ಯಕ್ಷ ದೋಸ್ ಸಾಂಟೋಸ್ ಅವರಿಗೆ ಶೇ 49.57, ಬಂಡುಕೋರ ಯುನಿಟಾ ಸಂಘಟನೆಯ ನಾಯಕ ಸಾವಿಂಬಿ ಅವರಿಗೆ ಶೇ 40.07 ಮತ ಬಂತು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದ ಕಾರಣ ಎರಡನೆಯ ಸುತ್ತು ನಡೆಯಬೇಕಿತ್ತು. ಚುನಾವಣೆ ಒಟ್ಟಾರೆಯಾಗಿ ಮುಕ್ತವೂ ನ್ಯಾಯಸಮ್ಮತವೂ ಆಗಿತ್ತೆಂದು ವಿಶ್ವಸಂಸ್ಥೆಯ ಪ್ರತಿನಿಧಿ ಮಾರ್ಗರೆಟ್ ಆನ್‌ಸ್ಟೀ ಅಕ್ಟೋಬರ್ 17ರಂದು ಪ್ರಕಟಿಸಿದರು. ಅದೇ ತಿಂಗಳ ಕೊನೆಯಲ್ಲಿ ರಾಜಧಾನಿ ಲುವಾಂಡಾದ ಬೀದಿಗಳಲ್ಲಿ ಯುದ್ಧ ಮತ್ತೆ ಶುರುವಾಯಿತು, ಎರಡನೆಯ ಸುತ್ತು ನಡೆಯಲೇ ಇಲ್ಲ, ಮತ್ತು 2002ರಲ್ಲಿ ಸಾವಿಂಬಿ ಹತರಾಗುವವರೆಗೂ ಆ ದೇಶಕ್ಕೆ ನೆಮ್ಮದಿ ಸಿಗಲಿಲ್ಲ. ಪ್ರಾಮಾಣಿಕ ಎಣಿಕೆಯೊಂದೇ ಶಾಂತಿಗೆ ಸಾಲದು ಎಂಬುದನ್ನು ನನ್ನ ತಲೆಗೆ ಹತ್ತಿಸಿದವರು ಆ ಗುರುಗಳು. ಎರಡೂ ಕಡೆಯ ಸೈನ್ಯಗಳು ಪೂರ್ತಿ ವಿಸರ್ಜನೆಯಾಗಿರಲಿಲ್ಲ, ಗೆದ್ದವನಿಗೆ ಎಲ್ಲವೂ ಸಿಗುವ ಹುದ್ದೆಯೊಂದು ಮಧ್ಯದಲ್ಲಿತ್ತು, ಸೋತವನಿಗೆ ಮರಳಿ ಹೋಗಲು ಕಾಡೂ ಇತ್ತು, ಅದನ್ನು ಕಾಯುವ ಸೈನಿಕರೂ ಇದ್ದರು.

ಮೊಜಾಂಬಿಕ್‌ನಲ್ಲಿ ಏಕೆ ಹಾಗಾಗಲಿಲ್ಲ ಎಂಬ ಪ್ರಶ್ನೆಯನ್ನು ಅವರು ನನಗೆ ಬಿಟ್ಟು ಹೋದರು. ಅದಕ್ಕೆ ಉತ್ತರ ಹುಡುಕಲು ನೆರವಾದ ಆ ದೇಶದ ಚುನಾವಣಾ ಸಿಬ್ಬಂದಿಗೆ ನಾನು ಆಭಾರಿ. 1992ರ ಅಕ್ಟೋಬರ್ 4ರಂದು ರೋಮ್‌ನಲ್ಲಿ ಆದ ಒಪ್ಪಂದದ ಪ್ರಕಾರ ಚುನಾವಣೆ ಒಂದೇ ವರ್ಷದಲ್ಲಿ ಮುಗಿಯಬೇಕಿತ್ತು. ಅಂಗೋಲಾ ಕಣ್ಣೆದುರಿಗೇ ಇದ್ದುದರಿಂದ, ಎರಡೂ ಕಡೆಯ ಸೈನಿಕರು ಶಿಬಿರಗಳಿಗೆ ಬಂದು ಆಯುಧ ಒಪ್ಪಿಸುವವರೆಗೆ ಅದನ್ನು ಮುಂದೂಡಿದರು. ಬಂಡುಕೋರ ರೆನಾಮೊ ಸಂಘಟನೆ ರಾಜಕೀಯ ಪಕ್ಷವಾಗಿ ಮಾರ್ಪಡಲೆಂದು ವಿಶ್ವಸಂಸ್ಥೆ ಪ್ರತ್ಯೇಕ ನಿಧಿಯನ್ನೇ ಸ್ಥಾಪಿಸಿತು. ಹಿಂಸೆ ಮಾಡಿದವರಿಗೆ ಕಚೇರಿಗೂ ಕಾರಿಗೂ ಹಣ ಕೊಡುವುದು ನ್ಯಾಯವೇ ಎಂದು ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳಿದ್ದಾರೆ, ಮತ್ತು ಕೇಳಬೇಕಾದ ಪ್ರಶ್ನೆಯೇ ಅದು. ಆದರೆ 1994ರ ಅಕ್ಟೋಬರ್‌ನಲ್ಲಿ ಮತದಾನದ ಮುನ್ನಾದಿನ ರೆನಾಮೊ ನಾಯಕ ಧ್ಲಾಕಾಮಾ ಬಹಿಷ್ಕಾರ ಘೋಷಿಸಿದಾಗ, ಅವರನ್ನು ಮರಳಿ ಕಣಕ್ಕೆ ತರಲು ರಾಜತಾಂತ್ರಿಕರಿಗೆ ಹಿಡಿಯಲು ಒಂದು ಕೈಯಾದರೂ ಇತ್ತು. ಅವರು ಮರಳಿದರು, ಮತದಾನವನ್ನು ಮೂರನೆಯ ದಿನಕ್ಕೂ ವಿಸ್ತರಿಸಿದರು, ಕೊನೆಗೆ ಆಡಳಿತ ಪಕ್ಷ ಫ್ರೆಲಿಮೊ 129, ರೆನಾಮೊ 112 ಸ್ಥಾನ ಪಡೆದು ಒಂದೇ ಸಂಸತ್ತಿನಲ್ಲಿ ಕುಳಿತವು. ಅಲ್ಲಿಯೂ 2013ರ ಸುಮಾರಿಗೆ ಗುಂಡಿನ ಸದ್ದು ಮರುಕಳಿಸಿ, 2019ರಲ್ಲಿ ಮತ್ತೊಂದು ಒಪ್ಪಂದ ಆಗಬೇಕಾಯಿತು. ಹೀಗಾಗಿ ಮೊಜಾಂಬಿಕ್ ಅನ್ನು ಯಶಸ್ಸಿನ ಕಥೆ ಎಂದು ಬರೆಯುವವರ ಜೊತೆ ನಾನು ಪೂರ್ತಿ ಸೇರಲಾರೆ. ಎರಡು ದಶಕಗಳ ಶಾಂತಿಯನ್ನು ಸಣ್ಣದೆಂದು ಹೇಳುವವರ ಜೊತೆಗಂತೂ ಸೇರುವುದೇ ಇಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಎಲ್ಲ ಜನಾಂಗದವರೂ ಮತ ಹಾಕಿದ 1994ರ ಏಪ್ರಿಲ್‌ನ ಮೊದಲ ಚುನಾವಣೆಯಲ್ಲಿ ಕೆಲಸ ಮಾಡಿದ್ದ ನಿವೃತ್ತ ಅಧಿಕಾರಿಯೊಬ್ಬರು ನನಗಾಗಿ ಒಂದು ಮಧ್ಯಾಹ್ನವನ್ನೇ ಮೀಸಲಿಟ್ಟು, ಆಗಿನ ಮತಪತ್ರದ ಮಾದರಿಯೊಂದನ್ನು ಮೇಜಿನ ಮೇಲೆ ಹಾಸಿ ತೋರಿಸಿದರು. ಪಕ್ಷಗಳ ಹೆಸರು, ಚಿಹ್ನೆ, ನಾಯಕರ ಭಾವಚಿತ್ರಗಳ ಉದ್ದನೆಯ ಸಾಲು; ಕಟ್ಟಕಡೆಯಲ್ಲಿ ಬೇರೆಯಾಗಿ ಅಂಟಿಸಿದ ಒಂದು ಚೀಟಿ. ಹಿಂಸಾಚಾರದ ನಡುವೆ ಚುನಾವಣೆಯಿಂದ ದೂರ ಉಳಿದಿದ್ದ ಇಂಕಾಥಾ ಪಕ್ಷ ಮತದಾನಕ್ಕೆ ಒಂದು ವಾರ ಉಳಿದಿರುವಾಗ ಒಪ್ಪಿಕೊಂಡಿತು. ಅಷ್ಟರಲ್ಲಿ ಮತಪತ್ರಗಳೆಲ್ಲ ಅಚ್ಚಾಗಿದ್ದವು. ಹೊಸದಾಗಿ ಅಚ್ಚು ಹಾಕಿಸಲು ಸಮಯವಿರಲಿಲ್ಲ, ನಿಯಮ ಹೇಳಿ ಆ ಪಕ್ಷವನ್ನು ಹೊರಗಿಟ್ಟಿದ್ದರೆ ಅದರ ನೆಲೆಯಾದ ಕ್ವಾಜುಲು-ನಟಾಲ್ ಪ್ರಾಂತ್ಯ ಉರಿಯುತ್ತಿತ್ತು. ಆದ್ದರಿಂದ ಇಂಕಾಥಾ ಹೆಸರಿನ ಚೀಟಿಗಳನ್ನು ಬೇರೆಯಾಗಿ ಅಚ್ಚು ಹಾಕಿಸಿ ಮತಪತ್ರದ ಕೆಳಗೆ ಅಂಟಿಸಿದರು. ಆ ಅಧಿಕಾರಿ ಚೀಟಿಯ ಅಂಚನ್ನು ಬೆರಳಿನಿಂದ ಸವರಿ, ಇದು ಸರಿಯಾಗಿ ಅಂಟಿದೆಯೇ ಎಂದು ರಾತ್ರಿಯೆಲ್ಲ ನೋಡಿದ್ದೇವೆ ಎಂದರು. ಚುನಾವಣಾ ಆಡಳಿತವೆಂಬುದು ನಿಯಮ ಪಾಲನೆಯಷ್ಟೇ ಅಲ್ಲ, ಯಾರನ್ನೂ ಹೊರಗೆ ಬಿಡದಂತೆ ನಿಯಮವನ್ನು ಸಮಯಕ್ಕೆ ಸರಿಯಾಗಿ ಹಿಗ್ಗಿಸುವ ವಿವೇಕವೂ ಹೌದು ಎಂದು ನನ್ನ ಅತ್ಯಂತ ಹೆಚ್ಚು ಓದುಗರನ್ನು ಪಡೆದ ಲೇಖನದಲ್ಲಿ ವಾದಿಸಿದ್ದೇನೆ. ಆ ಲೇಖನ ಹುಟ್ಟಿದ್ದು ಆ ಮಧ್ಯಾಹ್ನ.

ನೇಪಾಳಕ್ಕೆ ನನ್ನ ಋಣ ಎಲ್ಲಕ್ಕಿಂತ ದೊಡ್ಡದು. 1996ರಿಂದ ಹತ್ತು ವರ್ಷ ನಡೆದ ಮಾವೋವಾದಿ ಸಶಸ್ತ್ರ ಸಂಘರ್ಷ 2006ರ ನವೆಂಬರ್ 21ರ ಸಮಗ್ರ ಶಾಂತಿ ಒಪ್ಪಂದದೊಂದಿಗೆ ನಿಂತಿತು. ಎರಡು ಬಾರಿ ಮುಂದೂಡಿಕೆಯಾಗಿ 2008ರ ಏಪ್ರಿಲ್ 10ರಂದು ಸಂವಿಧಾನ ಸಭೆಗೆ ಚುನಾವಣೆ ನಡೆಯಿತು. 601 ಸದಸ್ಯರ ಆ ಸಭೆಗೆ 240 ಮಂದಿ ಕ್ಷೇತ್ರವಾರು, 335 ಮಂದಿ ಅನುಪಾತೀಯ ಪದ್ಧತಿಯಲ್ಲಿ ಆಯ್ಕೆಯಾಗಬೇಕಿದ್ದುದರಿಂದ ಪ್ರತಿಯೊಬ್ಬ ಮತದಾರರಿಗೂ ಎರಡು ಮತಪತ್ರ ಸಿಗುತ್ತಿದ್ದವು. ಒಂದು ಶಾಲೆಯ ಮತಗಟ್ಟೆಯಲ್ಲಿ ಅಧ್ಯಾಪಕರೇ ಅಧಿಕಾರಿಯಾಗಿದ್ದರು. ಸ್ವಸ್ತಿಕ ಮುದ್ರೆ ಒತ್ತಿದ ಮೇಲೆ ಶಾಯಿ ಆರುವ ಮುನ್ನ ಕಾಗದ ಮಡಚಿದರೆ ಗುರುತು ಎದುರಿನ ಚಿಹ್ನೆಗೂ ಹತ್ತಿ ಮತ ತಿರಸ್ಕೃತವಾಗಬಹುದೆಂದು ಅವರು ಪ್ರತಿಯೊಬ್ಬರಿಗೂ ಖಾಲಿ ಹಾಳೆ ಹಿಡಿದು, ಎಲ್ಲಿ ಮಡಚಬೇಕು, ಯಾವುದು ಯಾವ ಪೆಟ್ಟಿಗೆಗೆ ಎಂದು ತೋರಿಸಿಕೊಡುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಅವರ ದನಿ ಒಮ್ಮೆಯೂ ಏರಲಿಲ್ಲ. ಸಂಘರ್ಷದ ಕಾಲದಲ್ಲಿ ಎರಡೂ ಕಡೆಯವರಿಂದ ಬೆದರಿಕೆ ಅನುಭವಿಸಿದ್ದ ಮನುಷ್ಯ ಅವರು ಎಂದು ನನಗೆ ತಿಳಿದದ್ದು ಆಮೇಲೆ, ಅದೂ ನನ್ನ ದುಭಾಷಿಯಿಂದ.

ಆ ದುಭಾಷಿಯ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ನೇಪಾಳಿ, ಥಾರು ಎರಡೂ ಬಲ್ಲ ಆಕೆ ನನ್ನ ಪ್ರಶ್ನೆಗಳನ್ನು ಭಾಷಾಂತರಿಸುತ್ತಿದ್ದಳು ಎಂದರೆ ಅರ್ಧ ಸತ್ಯ. ಯಾವ ಪ್ರಶ್ನೆಯನ್ನು ಯಾವಾಗ ಕೇಳಬಾರದು ಎಂಬುದನ್ನು ಆಕೆ ನಿರ್ಧರಿಸುತ್ತಿದ್ದಳು, ಮತ್ತು ನಾನು ಅದನ್ನು ಒಪ್ಪಿಕೊಂಡಿದ್ದರಿಂದಲೇ ಮನೆಗಳ ಬಾಗಿಲು ನಮಗೆ ತೆರೆಯಿತು. ಸಂಘರ್ಷದಲ್ಲಿ ಕಾಣೆಯಾದವರ ಪಟ್ಟಿಯಲ್ಲಿ ಇಂದಿಗೂ 1,300ಕ್ಕೂ ಹೆಚ್ಚು ಹೆಸರುಗಳಿವೆ. ಜಿಲ್ಲೆಗಳಲ್ಲಿ ಹೆಚ್ಚು ಮಂದಿ ಕಾಣೆಯಾದದ್ದು ಬರ್ದಿಯಾದಲ್ಲಿ. ಅಲ್ಲಿನ ಒಬ್ಬ ಹೆಂಗಸಿನ ಗಂಡನನ್ನು ಮನೆಯಿಂದ ಕರೆದೊಯ್ದವರು ಮರಳಿ ಕಳಿಸಿರಲಿಲ್ಲ, ಸತ್ತನೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಮತದಾರರ ಪಟ್ಟಿಯಲ್ಲಿ ಆಕೆಯ ಹೆಸರಿನ ಮೇಲಿನ ಸಾಲಿನಲ್ಲಿ ಅವನ ಹೆಸರು ಹಾಗೇ ಇತ್ತು. ತಾನು ಮತ ಹಾಕಿ ಬರುವಾಗ, ಅವನದನ್ನು ಹೊಡೆದು ಹಾಕಬೇಡಿ ಎಂದು ಅಲ್ಲಿದ್ದವರಿಗೆ ಹೇಳಿ ಬಂದೆ ಎಂದಳು. ಶೇಕಡಾವಾರು ಮತದಾನದ ಕೋಷ್ಟಕದಲ್ಲಿ ಆ ಮನುಷ್ಯ ಮತ ಹಾಕದವರ ಲೆಕ್ಕಕ್ಕೆ ಸೇರುತ್ತಾನೆ. ಕಾಣೆಯಾದವರ ಬಗ್ಗೆ ತನಿಖೆ ನಡೆಸುವ ಆಯೋಗ ರಚನೆಯಾದದ್ದು 2015ರಲ್ಲಿ, ಅಂದರೆ ಒಪ್ಪಂದದಲ್ಲಿ ಮಾತು ಕೊಟ್ಟು ಎಂಟು ವರ್ಷ ದಾಟಿದ ಮೇಲೆ. ಆಕೆಗೂ ಆಕೆಯಂಥ ಇತರ ಕುಟುಂಬಗಳಿಗೂ ನನ್ನ ಸಂಶೋಧನೆಯಿಂದ ಯಾವ ಪರಿಹಾರವೂ ಸಿಗುವುದಿಲ್ಲವೆಂದು ಮೊದಲೇ ಸ್ಪಷ್ಟವಾಗಿ ಹೇಳಿದ್ದೆ. ಗೊತ್ತಿದ್ದೂ ಅವರು ಮಾತನಾಡಿದರು. ಆ ಉಪಕಾರ ತೀರಿಸುವಂಥದ್ದಲ್ಲ.

ಗುರುಗಳು ಹೇಳಿದ್ದ ಆ ಮೂರನೆಯ ವಾರದ ಪೂರ್ಣ ಅರ್ಥ ನನಗೆ ಕಂಡದ್ದೂ ನೇಪಾಳದಲ್ಲೇ. 2008ರಲ್ಲಿ 220 ಸ್ಥಾನ ಗೆದ್ದು ಅತಿ ದೊಡ್ಡ ಪಕ್ಷವಾಗಿದ್ದ ಮಾವೋವಾದಿಗಳು, ಮೊದಲ ಸಭೆ ಸಂವಿಧಾನ ಬರೆಯಲಾಗದೆ 2012ರಲ್ಲಿ ವಿಸರ್ಜನೆಯಾದ ಮೇಲೆ, 2013ರ ನವೆಂಬರ್ ಚುನಾವಣೆಯಲ್ಲಿ 80 ಸ್ಥಾನಕ್ಕೆ ಇಳಿದರು. ಎಣಿಕೆ ನಡೆಯುತ್ತಿರುವಾಗಲೇ ಅಕ್ರಮದ ಆರೋಪ ಮಾಡಿ ಎಣಿಕೆ ನಿಲ್ಲಿಸಬೇಕೆಂದರು. ಆ ವಾರಗಳಲ್ಲಿ ನಾನು ಮಾತನಾಡಿಸಿದ ಮಾಜಿ ಯೋಧರಲ್ಲಿ ಕೆಲವರು ಸಿಟ್ಟಿನಲ್ಲಿದ್ದರು, ಕೆಲವರು ಅತ್ತರು. ಮತ್ತೆ ಕಾಡಿಗೆ ಹೋಗುತ್ತೀರಾ ಎಂದು ಕೇಳಿದಾಗ, ಕಾಡಿನಲ್ಲಿ ಈಗ ಯಾರಿದ್ದಾರೆ, ಎಲ್ಲರೂ ಊರಿಗೆ ಬಂದಾಗಿದೆಯಲ್ಲ ಎಂದು ಒಬ್ಬರು ಉತ್ತರಿಸಿದರು. ಶಿಬಿರಗಳು ಮುಚ್ಚಿದ್ದವು, ಸೈನ್ಯಕ್ಕೆ ಸೇರುವವರು ಸೇರಿದ್ದರು, ಉಳಿದವರು ಹಣ ಪಡೆದು ಮನೆ ಮಾಡಿಕೊಂಡಿದ್ದರು, ಮತ್ತು 80 ಸ್ಥಾನದ ಪಕ್ಷಕ್ಕೂ ಸಂವಿಧಾನ ಬರೆಯುವ ಮೇಜಿನಲ್ಲಿ ಜಾಗವಿತ್ತು. 2014ರ ಜನವರಿಯಲ್ಲಿ ಅವರು ಸಭೆಗೆ ಬಂದು ಕುಳಿತರು. 2015ರ ಸೆಪ್ಟೆಂಬರ್ 20ರಂದು ಸಂವಿಧಾನ ಜಾರಿಗೆ ಬಂತು. ಸೋಲನ್ನು ನುಂಗಿಕೊಂಡು ತಮ್ಮ ಹುಡುಗರನ್ನು ತಡೆದು ನಿಲ್ಲಿಸಿದ ಆ ಜಿಲ್ಲಾ ಮಟ್ಟದ ಕಾರ್ಯಕರ್ತರು, ತಮ್ಮ ಬದುಕಿನ ಅತ್ಯಂತ ಕಹಿ ದಿನಗಳಲ್ಲಿ ಹೊರಗಿನ ಒಬ್ಬ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿದ್ದಕ್ಕೆ ನಾನು ಕೈಮುಗಿಯುತ್ತೇನೆ.

ಎಲ್ ಸಾಲ್ವಡಾರ್‌ನ ಸಹ ಸಂಶೋಧಕರು ಇದೇ ಪ್ರಶ್ನೆಯನ್ನು ಇನ್ನೂ ದೀರ್ಘ ಕಾಲದ ಮೇಲೆ ಇಟ್ಟು ನೋಡುವುದನ್ನು ಕಲಿಸಿದರು. 1992ರ ಶಾಂತಿ ಒಪ್ಪಂದದ ನಂತರ ಬಂಡುಕೋರ ಸಂಘಟನೆಯಿಂದ ಪಕ್ಷವಾದ ಎಫ್‌ಎಂಎಲ್‌ಎನ್ 1994, 1999, 2004ರ ಅಧ್ಯಕ್ಷೀಯ ಚುನಾವಣೆಗಳನ್ನು ಒಂದಾದ ಮೇಲೊಂದು ಸೋತು, ಪ್ರತಿ ಬಾರಿಯೂ ಶಾಸನಸಭೆಯಲ್ಲೂ ಊರಾಡಳಿತಗಳಲ್ಲೂ ಕೆಲಸ ಮಾಡುತ್ತಲೇ ಇದ್ದು, 2009ರಲ್ಲಿ ಗೆದ್ದಿತು. ಕೊಲಂಬಿಯಾದ 2016ರ ಶಾಂತಿ ಒಪ್ಪಂದದಲ್ಲಿ ಬಂಡುಕೋರ ಸಂಘಟನೆ ಫಾರ್ಕ್‌ನ ಪಕ್ಷಕ್ಕೆ ಎರಡು ಅವಧಿಗೆ ಹತ್ತು ಸ್ಥಾನಗಳನ್ನು ಖಾತರಿಪಡಿಸಿದ್ದು ಜನಪ್ರತಿನಿಧಿತ್ವದ ತತ್ವಕ್ಕೆ ವಿರುದ್ಧವೆಂದು ವಾದಿಸಿದ ಸಹೋದ್ಯೋಗಿಯೊಬ್ಬರ ಜೊತೆ ನನ್ನ ಚರ್ಚೆ ಇನ್ನೂ ಮುಗಿದಿಲ್ಲ. 2018ರಲ್ಲಿ ಆ ಪಕ್ಷಕ್ಕೆ ಬಂದದ್ದು ಶೇ 1ಕ್ಕಿಂತಲೂ ಕಡಿಮೆ ಮತ, ಆದ್ದರಿಂದ ಅವರ ಆಕ್ಷೇಪ ಹಗುರವಾದದ್ದಲ್ಲ. ನಾನು ಇಂದಿಗೂ ಖಾತರಿಯ ಪರವೇ ಇದ್ದೇನೆ. ನನ್ನ ಪ್ರತಿಯೊಂದು ಹಸ್ತಪ್ರತಿಯನ್ನೂ ಮೊದಲು ಓದಿ, ಸುಲಭವಾಗಿ ದಾಟಿಹೋಗಬಹುದಾಗಿದ್ದ ಕಡೆಯೆಲ್ಲ ನನ್ನನ್ನು ನಿಲ್ಲಿಸಿದವರು ಅವರೇ. ಅಂಥ ಎದುರಾಳಿ ಸಿಗುವುದು ಪುಣ್ಯ.

ಗ್ರಂಥಪಾಲಕರಿಗೆ, ಮತಗಟ್ಟೆವಾರು ಅಂಕಿ ಅಂಶಗಳನ್ನು ಬೇಸರಿಸದೆ ಕೋಷ್ಟಕಕ್ಕೆ ಇಳಿಸಿದ ಸಂಶೋಧನಾ ಸಹಾಯಕರಿಗೆ, ಬೋಧನೆಯ ಭಾರ ಹೊತ್ತು ನನ್ನನ್ನು ಕ್ಷೇತ್ರಕಾರ್ಯಕ್ಕೆ ಕಳಿಸಿಕೊಟ್ಟ ವಿಭಾಗದವರಿಗೆ ವಂದನೆಗಳು. ಫೋನ್ ಸಿಗದ ಊರುಗಳಿಗೆ ನಾನು ಹೋಗಿದ್ದಾಗ ಆತಂಕವನ್ನು ತೋರಿಸಿಕೊಳ್ಳದೆ ಮನೆ ನಡೆಸಿದ ಪತಿಗೆ, ಮಕ್ಕಳಿಗೆ ಬೇರೆಯಾಗಿಯೇ ಹೇಳಿದ್ದೇನೆ. ಇಲ್ಲಿಯೂ ಒಂದು ಸಾಲು ಇರಲಿ.

ಇನ್ನು ಉಳಿದದ್ದು ಸಂದರ್ಶನಗಳ ಟಿಪ್ಪಣಿ ಮತ್ತು ಧ್ವನಿಮುದ್ರಣಗಳ ವಿಚಾರ. ಅವುಗಳನ್ನು ವಿಶ್ವವಿದ್ಯಾಲಯದ ದಾಖಲೆಸಂಗ್ರಹಕ್ಕೆ ಒಪ್ಪಿಸುವ ಕೆಲಸವನ್ನು ನನ್ನ ಇಬ್ಬರು ವಿದ್ಯಾರ್ಥಿನಿಯರು ಕೈಗೆತ್ತಿಕೊಂಡಿದ್ದಾರೆ. ಮಾತನಾಡಿದವರನ್ನು ಸಾಧ್ಯವಾದಷ್ಟು ಮಟ್ಟಿಗೆ ಮತ್ತೆ ಸಂಪರ್ಕಿಸಿ ಒಪ್ಪಿಗೆ ಕೇಳುತ್ತಿದ್ದಾರೆ. ಬೇಡವೆಂದವರದ್ದನ್ನು ಮರಳಿಸುತ್ತಿದ್ದಾರೆ, ಸಂಪರ್ಕಕ್ಕೆ ಸಿಗದವರದ್ದನ್ನು ಹೆಸರು ತೆಗೆದು ಮುಚ್ಚಿಡುತ್ತಿದ್ದಾರೆ. ಬರ್ದಿಯಾದ ಕುಟುಂಬಗಳಲ್ಲಿ ಹಲವರು ತಮ್ಮ ಮಾತು ಹೆಸರಿನ ಸಮೇತ ತೆರೆದೇ ಇರಲಿ ಎಂದು ಹೇಳಿ ಕಳಿಸಿದ್ದಾರೆ. ಈ ನಿಧಾನವಾದ, ಯಾರ ಗಮನಕ್ಕೂ ಬಾರದ ಕೆಲಸವನ್ನು ತಮ್ಮ ಸ್ವಂತ ಸಂಶೋಧನೆಯ ಸಮಯದಿಂದ ಬಿಡುವು ಮಾಡಿಕೊಂಡು ನಡೆಸುತ್ತಿರುವ ಆ ಇಬ್ಬರಿಗೂ ನನ್ನ ಹೃತ್ಪೂರ್ವಕ ಕೃತಜ್ಞತೆಗಳು.