ಸೈಕಲ್ ಪಥದ ಭರವಸೆ ಬೇಡ, ರಸ್ತೆಯ ಎಡ ಅಂಚು ಸರಿಮಾಡಿಸಿ

ಮಾನ್ಯರೇ,

ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ವಾರ್ಡ್ ಕೆಲಸಕ್ಕೆ ಉತ್ತರ ಹೇಳುವ ಚುನಾಯಿತ ಸದಸ್ಯರಿಲ್ಲದೆಯೇ ಐದು ವರ್ಷಕ್ಕೂ ಹೆಚ್ಚು ಕಾಲ ಉರುಳಿತು. ಈಗ ಬಿಬಿಎಂಪಿ ಬದಲಿಗೆ ಬಂದಿರುವ ಬೆಂಗಳೂರಿನ ಐದು ನಗರ ಪಾಲಿಕೆಗಳ ಟಿಕೆಟ್ ಆಕಾಂಕ್ಷಿಗಳು ಬಡಾವಣೆಗಳಲ್ಲಿ ಓಡಾಡುತ್ತಿದ್ದಾರೆ. ಸೈಕಲ್ ಸವಾರರ ಮಾತು ಎತ್ತಿದರೆ ‘ಸೈಕಲ್ ಪಥ ಮಾಡಿಸ್ತೀವಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ದಯವಿಟ್ಟು ಆ ಭರವಸೆ ಬೇಡ. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ಮಾಡಿದ ಪಥದೊಳಗೆ ಮೊದಲು ಸ್ಕೂಟರ್‌ಗಳು ನುಗ್ಗಿದವು, ಕಂಬಗಳು ಮುರಿದವು, ಕೊನೆಗೆ ಮೆಟ್ರೊ ಕಾಮಗಾರಿ ಬಂದು ಪಥವೇ ಅಳಿಸಿಹೋಯಿತು. ದೊಡ್ಡ ರಸ್ತೆಗಳ ವಿಷಯ ಕಾರ್ಪೊರೇಟರ್ ಒಬ್ಬರ ಮಾತಿಗೆ ನಡೆಯುವುದೂ ಇಲ್ಲ.

ಅವರ ಕೈಗೆ ಎಟುಕುವುದು ವಾರ್ಡಿನ ರಸ್ತೆ, ಚರಂಡಿ, ಬೀದಿದೀಪ. ಪೇಪರ್ ಹಾಕುವ ಹುಡುಗರು, ಸೆಕ್ಯುರಿಟಿ ಗಾರ್ಡ್‌ಗಳು, ಶಾಲಾ ಮಕ್ಕಳು ಸೈಕಲ್‌ನಿಂದ ಬೀಳುವುದೂ ಅಲ್ಲೇ.

ಬೀಳುವುದು ಹೇಗೆ ನೋಡಿ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೇ ಮೂರ್ನಾಲ್ಕು ಸೆಂಟಿಮೀಟರ್ ಹೊಸ ಪದರ ಎಳೆಯುತ್ತಾರೆ. ಪಕ್ಕದ ಚರಂಡಿ ಕಲ್ಲು ಇದ್ದ ಮಟ್ಟದಲ್ಲೇ ಉಳಿಯುತ್ತದೆ. ಹೀಗೆ ರಸ್ತೆಯ ಉದ್ದಕ್ಕೂ ಎಡಗಡೆ ಒಂದು ಮೆಟ್ಟಿಲು ಏಳುತ್ತದೆ. ಅಡ್ಡಲಾಗಿ ಬರುವ ಉಬ್ಬನ್ನು ಚಕ್ರ ಹತ್ತಿ ಇಳಿಯಬಲ್ಲದು. ಚಕ್ರಕ್ಕೆ ಸಮಾನಾಂತರವಾಗಿ ಸಾಗುವ ಮೆಟ್ಟಿಲನ್ನು ಹತ್ತಲಾರದು. ಹಿಂದಿನಿಂದ ಹಾರನ್ ಕೇಳಿ ಕೆಳಗಿಳಿದ ಸವಾರ ಮತ್ತೆ ಮೇಲೆ ಬರಲು ಹ್ಯಾಂಡಲ್ ತಿರುಗಿಸುತ್ತಾನೆ, ಟೈರಿನ ಪಕ್ಕ ಅಂಚಿಗೆ ಉಜ್ಜಿ ಮುಂದಿನ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ, ದೇಹ ಬಲಕ್ಕೆ, ವಾಹನಗಳತ್ತ ವಾಲುತ್ತದೆ. ಮ್ಯಾನ್‌ಹೋಲ್ ಮುಚ್ಚಳ ಗುಂಡಿಯಾಗಿ ಉಳಿಯುವುದಕ್ಕೂ ಕಾರಣ ಇದೇ. ಆದ್ದರಿಂದ ಡಾಂಬರೀಕರಣದ ಎಸ್ಟಿಮೇಟ್‌ನಲ್ಲಿ ಹಳೆ ಪದರ ಕೆರೆಯುವುದು, ಮುಚ್ಚಳದ ಚೌಕಟ್ಟು ಎತ್ತರಿಸುವುದು ಎಂಬ ಎರಡು ಬಾಬತ್ತು ಇದೆಯೇ ಎಂದು ಸದಸ್ಯರು ಮೊದಲೇ ನೋಡಬೇಕು. ಕೆಲಸ ಮುಗಿದ ಮೇಲೆ ಅಂಚಿನಲ್ಲಿ ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಮೆಟ್ಟಿಲು ಉಳಿದಿದ್ದರೆ ಬಿಲ್ಲಿಗೆ ತಕರಾರು ಎತ್ತಬೇಕು.

ಮಳೆನೀರು ಇಳಿಯುವ ಕಬ್ಬಿಣದ ಜಾಲರಿ ಇನ್ನೊಂದು ಅಪಾಯ. ಅದರ ಪಟ್ಟಿಗಳು ವಾಹನ ಸಾಗುವ ದಿಕ್ಕಿಗೇ ಇದ್ದರೆ ರೇಸಿಂಗ್ ಮಾದರಿಯ ಗೇರ್ ಸೈಕಲ್ಲಿನ 25–28 ಮಿಲಿಮೀಟರ್ ಅಗಲದ ತೆಳು ಟೈರು ಸಂದಿಯೊಳಗೆ ಇಳಿದುಬಿಡುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರುತ್ತಾನೆ. ಜಾಲರಿ ಚೌಕವಾಗಿದ್ದರೆ ಎತ್ತಿ ತಿರುಗಿಸಿ ಕೂರಿಸಿದರೆ ಸಾಕು. ಆಯತವಾಗಿದ್ದರೆ ಸುಮಾರು ಹತ್ತು ಸೆಂಟಿಮೀಟರ್‌ಗೊಂದರಂತೆ ಅಡ್ಡಪಟ್ಟಿ ಬೆಸೆಯಬೇಕು. ಹುಟ್ಟುಹಬ್ಬದ ಫ್ಲೆಕ್ಸ್‌ಗಳಿಗೆ ಆಗುವ ಖರ್ಚಿನಲ್ಲಿ ಒಂದು ರಸ್ತೆಯ ಜಾಲರಿಗಳೆಲ್ಲ ಸರಿಹೋದಾವು.

ಹಂಪ್‌ಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಅಳತೆ ಇದೆ: ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ರಾತ್ರೋರಾತ್ರಿ ಏಳುವ ಅರ್ಧ ಮೀಟರ್ ಅಗಲದ ದಿಣ್ಣೆಗಳು ಅದಲ್ಲ. ಸೈಕಲ್‌ಗೆಂದು ಹಂಪ್ ಅಂಚಿನಲ್ಲಿ ಜಾಗ ಬಿಡಿ ಎಂದು ಕೆಲವರು ಕೇಳುತ್ತಾರೆ. ನಾವು ಕೇಳುವುದಿಲ್ಲ, ಆ ಸಂದಿಗೆ ಸ್ಕೂಟರ್‌ಗಳೇ ನುಗ್ಗುತ್ತವೆ.

ಸೈಕಲ್ ನಿಲ್ಲಿಸುವ ಸ್ಟ್ಯಾಂಡ್‌ಗಳನ್ನು ಹಾಕಿಸುವವರೂ ಗಮನಿಸಬೇಕು. ಮುಂದಿನ ಚಕ್ರ ಮಾತ್ರ ಸಿಕ್ಕಿಸುವ ಸ್ಟ್ಯಾಂಡ್‌ನಲ್ಲಿ ಪಕ್ಕದ ಸೈಕಲ್ ತಾಗಿದರೂ ರಿಮ್ ಸೊಟ್ಟಗಾಗುತ್ತದೆ. ಬೀಗ ಬೀಳುವುದೂ ಚಕ್ರಕ್ಕೆ ಮಾತ್ರ, ಕಳ್ಳ ಉಳಿದದ್ದನ್ನು ಬಿಚ್ಚಿಕೊಂಡು ಹೋಗುತ್ತಾನೆ. ಬೇಕಾದದ್ದು ತಲೆಕೆಳಗಾದ ‘ಯು’ ಆಕಾರದ ದಪ್ಪ ಪೈಪು: ನೆಲದಿಂದ 75 ಸೆಂಟಿಮೀಟರ್ ಎತ್ತರ, ಒಂದಕ್ಕೊಂದು ಒಂದು ಮೀಟರ್ ಅಂತರ, ಬುಡ ಕಾಂಕ್ರೀಟಿನಲ್ಲಿ. ಒಂದು ಪೈಪಿಗೆ ಎರಡು ಸೈಕಲ್. ಒಂದು ಕಾರಿನ ಜಾಗದಲ್ಲಿ ಹತ್ತು. ಮೆಟ್ರೊ ನಿಲ್ದಾಣ, ಮಾರುಕಟ್ಟೆ, ವಾರ್ಡ್ ಕಚೇರಿ ಮುಂದೆ ಮೊದಲು ಹಾಕಿಸಲಿ.

ಹಾರ ಹಾಕಿಸಿಕೊಂಡು ಸೈಕಲ್ ಮೇಲೆ ಕೂತ ಫೋಟೊದಿಂದ ನಮಗೇನೂ ಪ್ರಯೋಜನವಿಲ್ಲ. ಮತ ಕೇಳಲು ಬಂದವರಿಂದ ಒಂದು ಮಾತು ಬರೆಸಿಕೊಳ್ಳೋಣ: ಗೆದ್ದ ಮೂರು ತಿಂಗಳೊಳಗೆ ವಾರ್ಡಿನ ಎಂಜಿನಿಯರ್ ಜೊತೆ ಪ್ರತಿ ರಸ್ತೆಯ ಎಡ ಅಂಚಿನಲ್ಲಿ ನಡೆದು ಜಾಲರಿ, ಮುಚ್ಚಳ, ಮೆಟ್ಟಿಲು, ಕೊಂಬೆ ಮರೆಮಾಡಿದ ದೀಪ, ಕಟ್ಟಡ ತ್ಯಾಜ್ಯದ ರಾಶಿ ಇವನ್ನೆಲ್ಲ ಪಟ್ಟಿ ಮಾಡುತ್ತೇನೆ, ಆ ಪಟ್ಟಿಯನ್ನು ವಾರ್ಡ್ ಸಮಿತಿ ಸಭೆಯ ನಡಾವಳಿಯಲ್ಲಿ ದಾಖಲಿಸುತ್ತೇನೆ ಎಂದು.

– ನಿತ್ಯ ಸೈಕಲ್ ಸವಾರರ ಪರವಾಗಿ, ಬೆಂಗಳೂರು