ಗ್ಯಾಲಕ್ಸಿ ಚಿತ್ರದ ಕೆಳಗೆ ಒಂದು ಸಾಲು ವಿವರ ಇರಲಿ

ಮಾನ್ಯ ಸಂಪಾದಕರೇ,

ಹವ್ಯಾಸಿಗಳು ತೆಗೆದ ಗ್ಯಾಲಕ್ಸಿ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಚಿತ್ರವನ್ನು ಎಲ್ಲಿಂದ, ಎಷ್ಟು ಹೊತ್ತಿನ ಎಕ್ಸ್‌ಪೋಷರ್‌ನಲ್ಲಿ ತೆಗೆದರು ಎಂಬ ವಿವರ ಇದ್ದರೆ ಅದರ ಬೆಲೆ ಹೆಚ್ಚುತ್ತದೆ. ಅಂಚಿನ ಕಡೆಯಿಂದ ಕಾಣುವ ಗ್ಯಾಲಕ್ಸಿಗಳಿಗಂತೂ ಇದು ಬೇಕೇ ಬೇಕು. ಅವುಗಳ ನಡುವೆ ಹಾಯುವ ಕಪ್ಪು ದೂಳುಪಟ್ಟಿಯನ್ನು ಕಂಪ್ಯೂಟರಿನಲ್ಲಿ ಅಳಿಸುವುದೂ ಸುಲಭ, ಇಲ್ಲದ ಗಂಟುಗಳನ್ನು ಅದರಲ್ಲಿ ಹುಟ್ಟಿಸುವುದೂ ಸುಲಭ.

ಎನ್‌ಜಿಸಿ 4565 ಎಂಬ ಗ್ಯಾಲಕ್ಸಿಯನ್ನೇ ನೋಡಿ. 1785ರಲ್ಲಿ ವಿಲಿಯಂ ಹರ್ಷೆಲ್ ಕಂಡ, ಸೂಜಿಯಂಥ ಈ ಗ್ಯಾಲಕ್ಸಿ ಸ್ವಾತಿ ಮತ್ತು ಉತ್ತರಾ ನಕ್ಷತ್ರಗಳ ನಡುವೆ, ತುಸು ಉತ್ತರಕ್ಕಿದೆ. ಏಪ್ರಿಲ್ ಮೊದಲ ವಾರದ ನಡುರಾತ್ರಿ ಕರ್ನಾಟಕದಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಉದ್ದ ಹುಣ್ಣಿಮೆ ಚಂದ್ರನ ಅಗಲದ ಅರ್ಧ. ದೂರದರ್ಶಕಕ್ಕೆ 800 ಮಿ.ಮೀ. ಫೋಕಲ್ ಲೆಂತ್ (ಮಸೂರ ಅಥವಾ ಕನ್ನಡಿಯಿಂದ ಬಿಂಬ ಮೂಡುವ ದೂರ), ಕ್ಯಾಮೆರಾಗೆ 3.76 ಮೈಕ್ರಾನ್ ಪಿಕ್ಸೆಲ್ ಇದ್ದರೆ ಪಿಕ್ಸೆಲ್ಲಿಗೆ ಸುಮಾರು 1 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಭಾಗ) ಸಿಗುತ್ತದೆ, ಸಾಕು. ವಾತಾವರಣದ ನಡುಕವೇ 2-3 ಆರ್ಕ್‌ಸೆಕೆಂಡ್ ಇರುವ ರಾತ್ರಿ ಫೋಕಲ್ ಲೆಂತ್ ಹೆಚ್ಚಿಸಿ ಪ್ರಯೋಜನವಿಲ್ಲ.

ಬೇಕಾದದ್ದು ಕತ್ತಲು ಮತ್ತು ತಾಳ್ಮೆ. ಅಮಾವಾಸ್ಯೆಯ ಆಸುಪಾಸಿನಲ್ಲಿ, ಊರ ದೀಪಗಳಿಂದ ದೂರ ಹೋಗಿ, 180 ಸೆಕೆಂಡಿನ 120 ಫ್ರೇಮ್ (ಬಿಡಿ ಚಿತ್ರ) ತೆಗೆಯಬೇಕು, ಅಂದರೆ 6 ಗಂಟೆ. ನೀಹಾರಿಕೆಗಳಿಗೆ ಬಳಸುವ, ಕೆಲವೇ ಬಣ್ಣಗಳನ್ನು ಒಳಬಿಡುವ ನ್ಯಾರೋಬ್ಯಾಂಡ್ ಫಿಲ್ಟರ್ ಇಲ್ಲಿ ಕೆಲಸಕ್ಕೆ ಬಾರದು: ಗ್ಯಾಲಕ್ಸಿಯದು ನಕ್ಷತ್ರಗಳ ಬೆಳಕು, ಎಲ್ಲ ಬಣ್ಣಗಳಲ್ಲೂ ಹರಡಿರುತ್ತದೆ, ಫಿಲ್ಟರ್ ಅದನ್ನೇ ತಡೆಯುತ್ತದೆ. ಪ್ರತಿ 2-3 ಫ್ರೇಮ್‌ಗೊಮ್ಮೆ ಡಿದರ್ ಮಾಡದಿದ್ದರೆ, ಅಂದರೆ ದೂರದರ್ಶಕದ ಗುರಿಯನ್ನು ತುಸು ಸರಿಸದಿದ್ದರೆ, ಹಿನ್ನೆಲೆಯಲ್ಲಿ ಓರೆ ಗೆರೆಗಳು ಏಳುತ್ತವೆ. ಇನ್ನೊಂದು ಎಚ್ಚರ: ನೆತ್ತಿಯ ಹತ್ತಿರ ಉದ್ದನೆಯ ಕೊಳವೆಯ ಹಿಂಭಾಗ ಟ್ರೈಪಾಡ್ ಕಾಲಿಗೆ ತಾಗುತ್ತದೆ. ಮೆರಿಡಿಯನ್ ಫ್ಲಿಪ್ ಅನ್ನು (ಗ್ಯಾಲಕ್ಸಿ ಉತ್ತರ-ದಕ್ಷಿಣ ರೇಖೆ ದಾಟಿದಾಗ ದೂರದರ್ಶಕವನ್ನು ಸ್ಟ್ಯಾಂಡಿನ ಇನ್ನೊಂದು ಬದಿಗೆ ತಿರುಗಿಸುವುದನ್ನು) ಹಗಲಲ್ಲೇ ಪರೀಕ್ಷಿಸಿಕೊಳ್ಳಬೇಕು.

ಹೆಚ್ಚಿನವರು ಎಡವುವುದು ಫ್ಲ್ಯಾಟ್ ಫ್ರೇಮ್‌ನಲ್ಲಿ, ಅಂದರೆ ಕಲೆಗಳನ್ನು ಸರಿಪಡಿಸಲು ಸಮನಾದ ಬೆಳಕಿಗೆ ಹಿಡಿದು ತೆಗೆಯುವ ಚಿತ್ರದಲ್ಲಿ. ಸೆನ್ಸರಿನ ಗಾಜಿನ ಮೇಲೆ ಕೂತ ಕಸ ಚಿತ್ರದಲ್ಲಿ ಕಪ್ಪು ಉಂಗುರವಾಗಿ ಬೀಳುತ್ತದೆ. ಅದು ಗ್ಯಾಲಕ್ಸಿಯ ಮೇಲೇ ಬಿದ್ದರೆ ದೂಳುಪಟ್ಟಿಯೊಡನೆ ಬೆರೆತುಹೋಗುತ್ತದೆ. ಅದೇ ಫೋಕಸ್‌ನಲ್ಲಿ, ಕ್ಯಾಮೆರಾ ತಿರುಗಿಸದೆ, 30 ಫ್ಲ್ಯಾಟ್ ತೆಗೆದರೆ ಈ ಕಾಟವಿಲ್ಲ.

ಆಮೇಲಿನದು ಶಾರ್ಪ್ ಮಾಡುವ ಹಂತ. ಅತಿಯಾದರೆ ನಕ್ಷತ್ರಗಳ ಸುತ್ತ ಕಪ್ಪು ಬಳೆ ಮೂಡುತ್ತದೆ, ಪಟ್ಟಿಯ ಅಂಚು ಚಾಕುವಿನಲ್ಲಿ ಕತ್ತರಿಸಿದಂತಾಗುತ್ತದೆ. ನಿಜವಾದ ದೂಳು ನೀಲಿ ಬೆಳಕನ್ನು ಹೆಚ್ಚು ನುಂಗುವುದರಿಂದ ಅಂಚಿನಲ್ಲಿ ಕಂದು ಛಾಯೆ ಉಳಿಯಬೇಕು. ಎಐ ಉಪಕರಣ ತೋರಿಸಿದ ಎಳೆಗಳು ಮೂಲ ಸ್ಟ್ಯಾಕ್‌ನಲ್ಲಿ (ಎಲ್ಲ ಫ್ರೇಮ್‌ಗಳನ್ನು ಒಟ್ಟುಗೂಡಿಸಿದ ಚಿತ್ರದಲ್ಲಿ) ಮಸುಕಾಗಿಯಾದರೂ ಇರದಿದ್ದರೆ ಅವನ್ನು ನಂಬಬಾರದು.

ಆದ್ದರಿಂದ ಚಿತ್ರದ ಕೆಳಗೆ ಸ್ಥಳ, ಒಟ್ಟು ಎಕ್ಸ್‌ಪೋಷರ್, ಉಪಕರಣ, ಎಐ ಬಳಸಿದ್ದರೆ ಅದನ್ನೂ ದಯವಿಟ್ಟು ಅಚ್ಚು ಮಾಡಿ.

– ಹವ್ಯಾಸಿ ಖಗೋಳ ಛಾಯಾಗ್ರಾಹಕರು, ತುಮಕೂರು